ಗೋವಿನಜೋಳದ ದಂಟಿನ ತೂಕ ಎಲ್ಲಿಂದ ಬಂತು?

ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ದ್ಯುತಿಸಂಶ್ಲೇಷಣೆಯನ್ನು ವಿಡಿಯೋ ನನಗಿಂತ ಚೆನ್ನಾಗಿ ಹೇಳುತ್ತದೆ. ಇನ್ನು ನನ್ನ ಕೆಲಸ ಏನು? – ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಅಕ್ಕೋರೇ, ಧಾರವಾಡದಲ್ಲಿ ಶಿಕ್ಷಕರ ತರಬೇತಿಗೆ ಹೋದಾಗಲೆಲ್ಲ ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ. ಬೋರ್ಡ್ ಹಾಕಿಸಿ ಫೋಟೋ ತೆಗೆಸಿಕೊಂಡು ಹೋದವರು, ಅದರ ಮುಂದೆ ನಿಂತು ಏನು ಮಾಡಬೇಕು ಅಂತ ನಿಮಗೆ ಒಂದು ದಿನವಾದರೂ ಹೇಳಿಕೊಡಬೇಕಿತ್ತು.

ನಾಳೆ ಹೀಗೆ ಮಾಡಿ. ವಿಡಿಯೋ ಹಾಕುವ ಮುಂಚೆ ಕೇಳಿ: ಮುಂಗಾರಿನಲ್ಲಿ ಬಿತ್ತಿದ್ದು ಒಂದು ಗೋವಿನಜೋಳದ ಕಾಳು, ದೀಪಾವಳಿ ಹೊತ್ತಿಗೆ ಆಳೆತ್ತರದ ಒಣ ದಂಟು, ಇಷ್ಟು ತೂಕ ಎಲ್ಲಿಂದ ಬಂತು? ನಿಮ್ಮ ಮಕ್ಕಳು ಹೊಲ ಕಂಡವರು. "ಮಣ್ಣಿಂದ ರೀ, ಗೊಬ್ಬರದಿಂದ ರೀ" ಅನ್ನುತ್ತಾರೆ. ತಪ್ಪು ಅನ್ನಬೇಡಿ. ಅವರ ಮಾತಲ್ಲೇ ಬೋರ್ಡ್ ಮೇಲೆ ಬರೆಯಿರಿ. ಹಾಗಾದರೆ ಹೊಲದಲ್ಲಿ ಅಷ್ಟು ಮಣ್ಣು ಕಡಿಮೆ ಆಗಬೇಕಿತ್ತಲ್ವಾ ಅಂತ ಕೇಳಿ, ಸುಮ್ನೆ ನಿಲ್ಲಿ. ಆಮೇಲೆ ವಾನ್ ಹೆಲ್ಮಾಂಟ್ ಕಥೆ ಹೇಳಿ. 17ನೇ ಶತಮಾನದ ಈ ವಿಜ್ಞಾನಿ ಕುಂಡದಲ್ಲಿ ಒಂದು ವಿಲ್ಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಎರಡು ಕೆಜಿ ಚಿಲ್ಲರೆ ಇದ್ದ ಗಿಡ 76 ಕೆಜಿ ದಾಟಿತು, ಮಣ್ಣು ಕರಗಿದ್ದು 60 ಗ್ರಾಂ ಕೂಡ ಇಲ್ಲ. ತೂಕವೆಲ್ಲ ನೀರಿನಿಂದಲೇ ಬಂತು ಅಂತ ಅವನೂ ತಪ್ಪು ತಿಳಿದಿದ್ದ, ಇದನ್ನು ಮಕ್ಕಳಿಗೆ ಹೇಳಲೇಬೇಕು. ಈಗ ವಿಡಿಯೋ ಹಾಕಿ. ಎಲೆಯೊಳಗೆ ಇಂಗಾಲದ ಡೈಆಕ್ಸೈಡ್ ಹೋಗುವ ಕಡೆ ನಿಲ್ಲಿಸಿ, ಮೊದಲು ಬರೆದ ಉತ್ತರವನ್ನು ಅವರ ಕೈಲೇ ತಿದ್ದಿಸಿ. ಒಣ ದಂಟಿನ ಬಹುಪಾಲು ಗಾಳಿಯಿಂದ ಬಂದದ್ದು ಅಂತ ಹೊಳೆದಾಗ ಮಕ್ಕಳ ಮುಖ ನೋಡಿ!

ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠ ಮಾಡಿದ ಹತ್ತನೇ ಕ್ಲಾಸಿನವರೂ "ಮಣ್ಣಿಂದ" ಅಂದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ವಿಡಿಯೋಗೆ ಕೇಳಿಸುವುದಿಲ್ಲ. ನಿಮಗೆ ಕೇಳಿಸುತ್ತದೆ, ಅದೇ ನಿಮ್ಮ ಕೆಲಸ. ಒಂದು ಪಿರಿಯಡ್‌ಗೆ ಒಂದೇ ವಿಡಿಯೋ, ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕರೆಂಟ್ ಹೋದರೂ ಆ ಪ್ರಶ್ನೆ ನಿಲ್ಲುವುದಿಲ್ಲ.

ಪುಸ್ತಕದಲ್ಲಿರುವ ದೀಕ್ಷಾ (ಸರ್ಕಾರದ ಕಲಿಕಾ ಆ್ಯಪ್) ಕ್ಯೂಆರ್ ಕೋಡ್ ಬಳಸೋದು ಹೇಗೆ? – ಗದಗ

ನಿಮ್ಮ ವಿದ್ಯಾರ್ಥಿಯನ್ನು ಕೇಳಿ. ಅರ್ಧ ನಿಮಿಷದ ಕೆಲಸ, ನಾಚಿಕೆ ಬೇಡ.

ಹೋಂವರ್ಕ್ ಎಐ ಬರೆದದ್ದು ಅಂತ ಪತ್ತೆ ಮಾಡುವ ಆ್ಯಪ್ ಯಾವುದು? – ಧಾರವಾಡ

ಅಂಥ ಆ್ಯಪ್ ನಂಬಿ ಮಗುವನ್ನು ಕಳ್ಳ ಅನ್ನಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನ ಸರಿಯಾಗಿ ಗುರುತಿಸುತ್ತಿಲ್ಲ ಅಂತ 2023ರ ಜುಲೈನಲ್ಲಿ ನಿಲ್ಲಿಸಿತು. ಬರೆದದ್ದನ್ನು ಎರಡು ನಿಮಿಷ ಬಾಯಲ್ಲಿ ಹೇಳಿಸಿ, ಗೊತ್ತಾಗುತ್ತದೆ.

ಮಿದುಳು ಚುರುಕು ಮಾಡುತ್ತೇವೆ ಅನ್ನುವ ಮಿಡ್‌ಬ್ರೇನ್ ಕೋರ್ಸ್‌ಗೆ ಮಗಳನ್ನು ಸೇರಿಸಲಾ? ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುತ್ತಾರಂತೆ. – ಪಾಲಕರು, ಹುಬ್ಬಳ್ಳಿ

ಬೇಡ. ಅದು ಮೋಸ. ಮೂಗಿನ ಪಕ್ಕದ ಸಂದಿಯಲ್ಲಿ ಇಣುಕಿ ಓದುತ್ತಾರೆ. ಪುಸ್ತಕವನ್ನು ಮಗುವಿನ ತಲೆ ಹಿಂದೆ ಹಿಡಿಯಿರಿ, ಒಂದಕ್ಷರವೂ ಬರುವುದಿಲ್ಲ. ಸುಳ್ಳು ಹೇಳುವುದನ್ನು ನೀವೇ ದುಡ್ಡು ಕೊಟ್ಟು ಕಲಿಸಿದಂತಾಗುತ್ತದೆ. ಈಗಾಗಲೇ ಸೇರಿಸಿದ್ದರೆ ಮಗಳಿಗೆ ಬೈಯಬೇಡಿ, ಇವತ್ತೇ ಬಿಡಿಸಿ.