ಅವು ಎರಡು ವಿಮಾನಗಳಲ್ಲ, ಒಂದೇ

“ಕಳೆದ ಸಂಚಿಕೆಯಲ್ಲಿ ಅಮೆರಿಕದ ವಾಯು ರಕ್ಷಣೆಯ ಲೇಖನದ ಜೊತೆಗಿರುವ ಚಿತ್ರದಲ್ಲಿ ಎರಡು ವಿಮಾನಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಚ್ಚಿನ ದೋಷವೇ? ಇನ್ನೊಂದು ಮಾತು. ಎರಡೂ ಕಡೆ ಸಾಗರವಿರುವ ದೇಶಕ್ಕೆ ಮಹಾಯುದ್ಧ ಮುಗಿದ ಮೇಲೂ ರಾತ್ರಿ ಕಾವಲಿನ ವಿಮಾನಗಳು ಏಕೆ ಬೇಕಾದವು? ಶತ್ರು ಬರಲೇ ಇಲ್ಲವಲ್ಲ. ಎಲ್ಲವೂ ದಂಡವಾದಂತಲ್ಲವೇ?”
— ಹಾಸನದಿಂದ ಓದುಗರೊಬ್ಬರು

ಮಾನ್ಯರೇ,

ತಪ್ಪು ಅಚ್ಚಿನದಲ್ಲ, ನನ್ನದು. ಚಿತ್ರದ ಕೆಳಗೆ ‘ಗಸ್ತಿಗೆ ಹೊರಟ ಮಸ್ಟ್ಯಾಂಗ್ ವಿಮಾನಗಳು’ ಎಂದು ಬಹುವಚನದಲ್ಲಿ ಬರೆದವನು ನಾನೇ. ಅಲ್ಲಿರುವುದು ಒಂದೇ ವಿಮಾನ, ಎಫ್-82 ಟ್ವಿನ್ ಮಸ್ಟ್ಯಾಂಗ್. ಎರಡು ಒಡಲು, ಎರಡು ಎಂಜಿನ್, ನಡುವೆ ಎರಡನ್ನೂ ಬೆಸೆಯುವ ರೆಕ್ಕೆ. ಪೆಸಿಫಿಕ್ ಸಾಗರದ ಮೇಲೆ ಬಾಂಬರ್‌ಗಳಿಗೆ ಬೆಂಗಾವಲಾಗಿ ಗಂಟೆಗಟ್ಟಲೆ ಹಾರಬೇಕು, ಒಬ್ಬ ಪೈಲಟ್ ದಣಿದರೆ ಇನ್ನೊಬ್ಬ ನಡೆಸಬೇಕು ಎಂಬ ಲೆಕ್ಕದಲ್ಲಿ ಅದನ್ನು ರೂಪಿಸಿದ್ದರು. ಅದು ಕಣಕ್ಕಿಳಿಯುವ ಮೊದಲೇ ಯುದ್ಧ ಮುಗಿಯಿತು. ಆದರೆ ಅದರ ತಾಳಿಕೆ ಸುಳ್ಳಾಗಿರಲಿಲ್ಲ: 1947ರ ಫೆಬ್ರವರಿಯಲ್ಲಿ ಇಂಥದೊಂದು ವಿಮಾನ ಹೊನೊಲುಲುವಿನಿಂದ ನ್ಯೂಯಾರ್ಕ್‌ಗೆ, ಸುಮಾರು 8,000 ಕಿಲೋಮೀಟರ್ ದೂರವನ್ನು, ಎಲ್ಲಿಯೂ ಇಳಿಯದೆ ಹದಿನಾಲ್ಕೂವರೆ ಗಂಟೆಯಲ್ಲಿ ಕ್ರಮಿಸಿತು. ಆಮೇಲೆ ಅದನ್ನು ರಾತ್ರಿ ಕಾವಲಿಗೆ ಒಗ್ಗಿಸಲು ಬಲಗಡೆಯ ಆಸನವನ್ನು ರಾಡಾರ್ ನೋಡುವವನಿಗೆ ಕೊಟ್ಟು, ನಡುರೆಕ್ಕೆಯ ಕೆಳಗೆ ಉದ್ದನೆಯ ಸೋರೆಕಾಯಿಯಂಥ ಗೂಡಿನಲ್ಲಿ ರಾಡಾರ್ ತೂಗುಹಾಕಿದರು. ಆ ಗೂಡು ಪ್ರೊಪೆಲರ್‌ಗಳಿಗಿಂತಲೂ ಮುಂದಕ್ಕೆ ಚಾಚಿಕೊಂಡಿದೆ. ತಿರುಗುವ ಅಲಗುಗಳು ರಾಡಾರ್‌ನ ನೋಟಕ್ಕೆ ಅಡ್ಡ ಬರಬಾರದಲ್ಲ!

ಇನ್ನು ಸಾಗರದ ಮಾತು. ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ಸಾಗರ ದಾಟಿ ಬಂದು ದಾಳಿ ಮಾಡಿದ್ದನ್ನು ಕಂಡ ಪೀಳಿಗೆಗೆ ಸಾಗರದ ಮೇಲಿನ ನಂಬಿಕೆ ಅಷ್ಟಾಗಿ ಉಳಿದಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಬೇಡವೆಂದು 1946ರ ಮಾರ್ಚ್ 21ರಂದು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ವಾಯು ರಕ್ಷಣಾ ಕಮಾಂಡ್ ತೆರೆದರು. ಬಾಗಿಲೇನೋ ಆಯಿತು, ಚಿಲಕವಿರಲಿಲ್ಲ. ಸೈನಿಕರು, ಮೆಕ್ಯಾನಿಕ್‌ಗಳು ಮನೆಗೆ ಹೊರಟುಹೋಗಿದ್ದರು. ಕಮಾಂಡ್‌ನ ಕೈಯಲ್ಲಿದ್ದುದು ಪಿ-61 ಬ್ಲ್ಯಾಕ್ ವಿಡೊ ವಿಮಾನಗಳ ಅರೆಬರೆ ಸ್ಕ್ವಾಡ್ರನ್‌ಗಳು. ರಾತ್ರಿ ಬೇಟೆಗೆಂದೇ ಮೊದಲ ಗೆರೆಯಿಂದ ರೂಪಿಸಿದ ಅಮೆರಿಕದ ಮೊದಲ ವಿಮಾನ ಅದು. ಮೂತಿಯಲ್ಲಿ ರಾಡಾರ್, ಮೈಗೆ ಕರಿ ಬಣ್ಣ. ಪುಟ್ಟ ಬಾಂಬರ್‌ನಷ್ಟೇ ದಪ್ಪ, ಗಂಟೆಗೆ ಹೆಚ್ಚೆಂದರೆ 590 ಕಿಲೋಮೀಟರ್ ವೇಗ.

ಈ ವೇಗವನ್ನು ನೆನಪಿಟ್ಟುಕೊಂಡು 1947ರ ಆಗಸ್ಟ್ 3ಕ್ಕೆ ಬನ್ನಿ. ಮಾಸ್ಕೋ ಬಳಿಯ ತುಷಿನೊದಲ್ಲಿ ವೈಮಾನಿಕ ಪ್ರದರ್ಶನ. ಅಮೆರಿಕದ ಬಿ-29ರಂತೆಯೇ ಕಾಣುವ ಮೂರು ಬಾಂಬರ್‌ಗಳು ಹಾದುಹೋದವು. 1944ರಲ್ಲಿ ಜಪಾನಿನ ವಿರುದ್ಧ ದಾಳಿಗೆ ಹೋಗಿ ಸೋವಿಯತ್ ನೆಲದಲ್ಲಿಳಿದ ಮೂರು ಬಿ-29ಗಳನ್ನು ರಷ್ಯನ್ನರು ಹಿಂದಿರುಗಿಸಿರಲಿಲ್ಲ. ಅವೇ ಇರಬೇಕೆಂದು ವಿದೇಶಿ ಪ್ರತಿನಿಧಿಗಳು ಸಮಾಧಾನ ಪಟ್ಟುಕೊಳ್ಳುವಷ್ಟರಲ್ಲಿ ಅದೇ ರೆಕ್ಕೆ, ಅದೇ ಬಾಲದ ನಾಲ್ಕನೆಯದೊಂದು ಪ್ರಯಾಣಿಕ ವಿಮಾನ ಬಂತು. ಲೆಕ್ಕ ತಪ್ಪಿತು. ರಷ್ಯನ್ನರು ಬಿ-29 ಅನ್ನು ತಿರುಪು ತಿರುಪಾಗಿ ಬಿಚ್ಚಿ ನಕಲು ಮಾಡಿದ್ದರು. ಆ ಟಿಯು-4 ಬಾಂಬರ್ ಅಮೆರಿಕವನ್ನು ಮುಟ್ಟಬಹುದಿತ್ತು, ಹಿಂದಿರುಗುವ ಆಸೆ ಬಿಟ್ಟರೆ. ಅದರ ಗರಿಷ್ಠ ವೇಗವೋ ಬ್ಲ್ಯಾಕ್ ವಿಡೊಗಿಂತ ಸ್ವಲ್ಪವೇ ಕಡಿಮೆ. ಹಿಂದಿನಿಂದ ಅಟ್ಟಿಸಿಕೊಂಡು ಹೋದರೆ ಹಿಡಿಯುವಷ್ಟರಲ್ಲಿ ಊರೇ ಬಂದುಬಿಡುತ್ತದೆ. 1949ರ ಆಗಸ್ಟ್ 29ರಂದು ಸೋವಿಯತ್ ಅಣುಬಾಂಬ್ ಸಿಡಿಯಿತು. ಆಮೇಲೆ ತಮ್ಮ ಪ್ರಶ್ನೆಯನ್ನು ಅಮೆರಿಕದಲ್ಲಿ ಕೇಳುವವರು ಕಡಿಮೆಯಾದರು.

ಕಳೆದ ಸಂಚಿಕೆಯಲ್ಲಿ ಬಿಟ್ಟುಹೋದ ಮುಖ್ಯ ವಿಷಯ ಬೇರೆಯೇ ಇದೆ. ರಾತ್ರಿಯ ಬೇಟೆ ಎಂದರೆ ಒಂದು ವಿಮಾನವಲ್ಲ, ಮೂರು ಜನರ ಮಾತುಕತೆ. ನೆಲದ ರಾಡಾರ್ ಕೋಣೆಯಲ್ಲಿ ಕುಳಿತವನು ದಿಕ್ಕು, ಎತ್ತರ ಹೇಳುತ್ತಾ ವಿಮಾನವನ್ನು ಗುರಿಯ ಕೆಲವು ಮೈಲಿ ಹತ್ತಿರಕ್ಕೆ ತಂದುಬಿಡುತ್ತಾನೆ. ಅಲ್ಲಿಂದ ಮುಂದೆ ವಿಮಾನದೊಳಗಿನ ರಾಡಾರ್‌ನವನದು ಕೆಲಸ. ಮಿನುಗುವ ಚುಕ್ಕೆಯನ್ನು ನೋಡುತ್ತಾ ‘ಸ್ವಲ್ಪ ಎಡಕ್ಕೆ, ಮೇಲಕ್ಕೆ, ನಿಧಾನ’ ಎನ್ನುತ್ತಿರಬೇಕು. ಪೈಲಟ್‌ಗೆ ಹೊರಗೆ ಏನೂ ಕಾಣದು. ಕಿವಿಗೆ ಬೀಳುವ ಮಾತನ್ನು ನಂಬಿ ನಡೆಸುತ್ತಾನೆ. ಅವಸರಪಟ್ಟರೆ ಗುರಿಯನ್ನು ದಾಟಿಹೋಗುತ್ತಾನೆ, ಇಲ್ಲವೇ ಅದಕ್ಕೇ ಡಿಕ್ಕಿ. ಕೊನೆಗೆ ಎಂಜಿನ್‌ನ ಹೊಗೆಕೊಳವೆಯ ಕೆಂಡದ ಬೆಳಕೋ, ನಕ್ಷತ್ರಗಳನ್ನು ಮರೆಮಾಡುವ ಕರಿಯ ಆಕಾರವೋ ಕಣ್ಣಿಗೆ ಬಿದ್ದಾಗ ನಿಜವಾದ ಪ್ರಶ್ನೆ ಏಳುತ್ತದೆ: ಇದು ಯಾರದು? ಶತ್ರು ದೇಶದ ಮೇಲಾದರೆ ಉತ್ತರ ಸುಲಭ. ಸ್ವಂತ ಊರಿನ ಮೇಲೆ, ಶಾಂತಿಕಾಲದಲ್ಲಿ, ಅದು ದಾರಿ ತಪ್ಪಿದ ಪ್ರಯಾಣಿಕ ವಿಮಾನವಾಗಿರುವ ಸಂಭವವೇ ಹೆಚ್ಚು. 1950ರಲ್ಲಿ ಕರಾವಳಿಗಳ ಆಚೆ ಗುರುತಿನ ವಲಯಗಳನ್ನು ಎಳೆದು, ಒಳಬರುವವರೆಲ್ಲ ಮೊದಲೇ ಹಾರಾಟದ ವಿವರ ಕೊಡಬೇಕೆಂದು ಕಟ್ಟಪ್ಪಣೆ ಮಾಡಿದ್ದು ಇದಕ್ಕೇ.

ಈ ಮೂವರಲ್ಲಿ ಆಗ ದುರ್ಬಲನಾಗಿದ್ದವನು ನೆಲದವನು. ದೇಶದ ತುಂಬ ರಾಡಾರ್ ಜಾಲವಿರಲಿಲ್ಲ. ಇದ್ದಬದ್ದ ಹಳೆಯ ಯಂತ್ರಗಳನ್ನು ಜೋಡಿಸಿ ‘ಲ್ಯಾಷ್‌ಅಪ್’, ಅಂದರೆ ತಾತ್ಕಾಲಿಕ ಕಟ್ಟು, ಎಂಬ ಪ್ರಾಮಾಣಿಕ ಹೆಸರಿನಲ್ಲಿ ಕೆಲಸ ಶುರುಮಾಡಿದರು. 1952ರ ಜುಲೈಯಿಂದ ದುರ್ಬೀನು ಹಿಡಿದ ಸ್ವಯಂಸೇವಕರು ಹಗಲೂ ರಾತ್ರಿ ಆಕಾಶ ನೋಡಿ ದೂರವಾಣಿಯಲ್ಲಿ ವರದಿ ಮಾಡತೊಡಗಿದರು.

ವಿಮಾನಗಳು ಬೇಗ ಬದಲಾದವು. 1950ರಲ್ಲಿ ತರಬೇತಿ ಜೆಟ್ ಒಂದಕ್ಕೆ ರಾಡಾರ್ ಕೂರಿಸಿ, ಭಾರ ಹೆಚ್ಚಿದ್ದಕ್ಕೆ ಎಂಜಿನ್‌ನ ಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಸೇರಿಸಿ ಮಾಡಿದ ಎಫ್-94 ಬಂತು. ಹೆಸರೂ ‘ರಾತ್ರಿ’ಯಿಂದ ‘ಸರ್ವಹವಾಮಾನ’ಕ್ಕೆ ತಿರುಗಿತು, ಮೋಡದೊಳಗೆ ಮಧ್ಯಾಹ್ನವೂ ರಾತ್ರಿಯೇ ತಾನೆ. ತಮಾಷೆಯೆಂದರೆ, ಕೊರಿಯಾ ಯುದ್ಧದಲ್ಲಿ ಅಮೆರಿಕ ವಾಯುಪಡೆಯ ಮೊದಲ ಬೇಟೆ ನಮ್ಮ ಜೋಡಿ ಮಸ್ಟ್ಯಾಂಗ್‌ನದು; 1950ರ ಜೂನ್ 27ರಂದು ಸೋಲ್ ನಗರದ ಕಿಂಪೊ ವಿಮಾನ ನಿಲ್ದಾಣದ ಬಳಿ ವಿಲಿಯಂ ಹಡ್ಸನ್ ಮತ್ತು ಕಾರ್ಲ್ ಫ್ರೇಸರ್ ಉತ್ತರ ಕೊರಿಯಾದ ಯಾಕ್ ವಿಮಾನವೊಂದನ್ನು ಉರುಳಿಸಿದರು. ಅದು ಹಾಡಹಗಲಿನಲ್ಲಿ.

ದಂಡವಾಯಿತೇ ಎಂದಿರಿ. ದಂಡವೆನ್ನಲಾರೆ, 1950ಕ್ಕೆ ಮೊದಲು ಆ ಸ್ಕ್ವಾಡ್ರನ್‌ಗಳು ದೇಶವನ್ನು ನಿಜಕ್ಕೂ ಕಾಯುತ್ತಿದ್ದವು ಎನ್ನುವುದನ್ನೂ ಒಪ್ಪಲಾರೆ. ಅವು ಕಾಯುವುದನ್ನು ಕಲಿಯುತ್ತಿದ್ದವು. ಪಾಠ ಬೇಗ ಮುಗಿಯಲೂ ಇಲ್ಲ. 1956ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದಲ್ಲಿ ನೌಕಾಪಡೆಯ ಚಾಲಕರಹಿತ ಹೆಲ್‌ಕ್ಯಾಟ್ ವಿಮಾನವೊಂದು ಹಿಡಿತ ತಪ್ಪಿ ಲಾಸ್ ಏಂಜಲಿಸ್ ಕಡೆ ಹೊರಟಿತು. ಹೊಡೆದುರುಳಿಸಲು ಎರಡು ಎಫ್-89 ಜೆಟ್‌ಗಳು ಬಂದವು. ತಲಾ 104 ರಾಕೆಟ್‌ಗಳು. ಫಿರಂಗಿಗಳನ್ನು ಹಳೆಯ ಕಾಲದ್ದೆಂದು ಮೊದಲೇ ತೆಗೆದುಹಾಕಿದ್ದರು. ಸ್ವಯಂಚಾಲಿತ ಗುರಿ ಕೈಕೊಟ್ಟಿತು. ಪೈಲಟ್‌ಗಳು ಅಂದಾಜಿನ ಮೇಲೆ 208 ರಾಕೆಟ್‌ಗಳನ್ನೂ ಹಾರಿಸಿದರು. ಒಂದೂ ತಗುಲಲಿಲ್ಲ. ಕೆಳಗೆ ಕುರುಚಲು ಕಾಡಿಗೆ ಬೆಂಕಿ ಬಿತ್ತು. ಹೆಲ್‌ಕ್ಯಾಟ್ ಇಂಧನ ಮುಗಿದು ಪಾಮ್‌ಡೇಲ್ ಬಳಿಯ ಮರುಭೂಮಿಯಲ್ಲಿ ತಾನಾಗಿಯೇ ಬಿತ್ತು. ಹಗಲು, ಶುಭ್ರ ಆಕಾಶ, ತಿರುಗಿ ಹೊಡೆಯದ ಹಳೆಯ ವಿಮಾನ!

ಭಾರತದಲ್ಲಿ ಇಂಥವು ಇದ್ದವೇ ಎಂದು ಇನ್ನು ಯಾರಾದರೂ ಕೇಳಿಯಾರು. 1950ರ ದಶಕದಲ್ಲಿ ನಮ್ಮ ವಾಯುಪಡೆಯ 10ನೇ ಸ್ಕ್ವಾಡ್ರನ್ನಿನಲ್ಲಿ ಇಬ್ಬರು ಅಕ್ಕಪಕ್ಕ ಕುಳಿತು ಹಾರಿಸುವ ರಾತ್ರಿ ಕಾವಲಿನ ವ್ಯಾಂಪೈರ್ ಜೆಟ್‌ಗಳಿದ್ದವು. ಅವು ಬ್ರಿಟನ್ನಿನಿಂದ ಬಂದವು. ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾದದ್ದು ಹಗಲಿನ ಮಾದರಿ.

ಚಿತ್ರದ ಅಡಿಬರಹದ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅಲ್ಲಿಯವರೆಗೆ ತಮ್ಮ ಪ್ರತಿಯಲ್ಲಿ ‘ಗಳು’ ಹೊಡೆದುಹಾಕಿ. ಪೈಲಟ್ ಕುಳಿತಿರುವುದು ಎಡಗಡೆಯ ಒಡಲಿನಲ್ಲಿ.

— ಸಂಪಾದಕ