ಯಾವ ಬೆಂಗಳೂರಿನಿಂದ ಎಷ್ಟು ದೂರ?

ಪತ್ರದ ಸಾರ: ಚನ್ನರಾಯಪಟ್ಟಣ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಮಗನಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ನಿವೃತ್ತಿಯಾದಾಗ ಬಂದ ಗಂಟಿನಲ್ಲಿ ಅವನಿಗೊಂದು ಸೈಟು ಕೊಡಿಸುವ ಆಸೆ. ನೋಡಿರುವ ಬಡಾವಣೆ ನೆಲಮಂಗಲದಿಂದ ಕುಣಿಗಲ್ ಕಡೆಗೆ ಸುಮಾರು 8 ಕಿ.ಮೀ. ಈಚೆ. ಬ್ರೋಷರಿನಲ್ಲಿ 'ಬೆಂಗಳೂರಿನ ಹೃದಯಭಾಗದಿಂದ ಕೇವಲ 40 ನಿಮಿಷ' ಎಂದಿದೆ. 'ಈ ಹೃದಯ ಎಲ್ಲಿದೆ? ಕಿಲೋಮೀಟರು ಎಲ್ಲಿಂದ ಎಣಿಸುತ್ತಾರೆ? ಯಲಹಂಕ, ಕೆಂಗೇರಿ, ವೈಟ್‌ಫೀಲ್ಡ್ ಎಲ್ಲ ನಡುಮಧ್ಯದಿಂದ ಎಷ್ಟು ದೂರ? ಪಿನ್‌ಕೋಡಿನ ಕೊನೆಯ ಅಂಕಿ ದೊಡ್ಡದಾದಷ್ಟೂ ಬಡಾವಣೆ ದೂರ ಎಂದು ನನ್ನ ಅಂದಾಜು, ಸರಿಯೇ?' ಎಂದು ಕೇಳಿದ್ದಾರೆ.

ಮಾನ್ಯ ಮೇಷ್ಟ್ರೇ,

ನಿಮ್ಮ ಪತ್ರ ಬಂದ ದಿನ ನಮ್ಮ ಕಚೇರಿಯಲ್ಲಿ ಅರ್ಧ ಗಂಟೆ ಕೆಲಸ ನಿಂತುಹೋಯಿತು. ಬೆಂಗಳೂರಿನ ನಡುಮಧ್ಯ ಯಾವುದ್ರಪ್ಪಾ ಎಂದು ಕೇಳಿದ್ದಷ್ಟೇ. ಡಿಟಿಪಿ ಮಾಡುವ ಹುಡುಗ ಎಂ.ಜಿ. ರಸ್ತೆ ಎಂದ. ಲೆಕ್ಕ ಬರೆಯುವವರು ಮೆಜೆಸ್ಟಿಕ್ ಎಂದರು. ಒಂದು ಕಾಲದಲ್ಲಿ ಅವೆನ್ಯೂ ರಸ್ತೆಯಿಂದ ಗೈಡು, ನೋಟ್‌ಬುಕ್ಕು ತಂದು ಮಾರುತ್ತಿದ್ದ ನಮ್ಮ ಏಜೆಂಟರು, 'ಮಾರ್ಕೆಟ್ಟು, ಪೇಟೆ ಬಿಟ್ರೆ ಇನ್ಯಾವುದು ಸ್ವಾಮಿ' ಎಂದು ಜಗಳಕ್ಕೇ ನಿಂತರು. ಮೂವರೂ ಹೇಳಿದ್ದು ಸರಿ, ಬ್ರೋಷರ್ ಬರೆದವನಿಗೆ ಅನುಕೂಲವಾಗಿರುವುದೂ ಅದೇ.

ಮೊದಲು ಏಜೆಂಟರ ಪಕ್ಷ ಹಿಡಿಯುತ್ತೇನೆ, ಅವರದು ಹಳೆಯದು. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿಸುವಾಗ ದೊಡ್ಡಪೇಟೆಯ ಚೌಕದಿಂದ, ಎಂದರೆ ಇವತ್ತು ಅವೆನ್ಯೂ ರಸ್ತೆಯೂ ಚಿಕ್ಕಪೇಟೆಯೂ ಕೂಡುವಲ್ಲಿಂದ, ನಾಲ್ಕು ದಿಕ್ಕಿಗೆ ನೇಗಿಲು ಕಟ್ಟಿದ ಎತ್ತುಗಳನ್ನು ಬಿಟ್ಟರಂತೆ. ಕಥೆ ಎಷ್ಟು ನಿಜವೋ, ಆ ಪೇಟೆಯ ಬೀದಿಗಳು ಮಾತ್ರ ಇಂದಿಗೂ ಆ ಚೌಕದಿಂದಲೇ ಹರಡಿಕೊಂಡಿವೆ. ಕೋಟೆಯ ಬಾಗಿಲುಗಳಿಗೆ ಇಟ್ಟ ಹೆಸರು ನೋಡಿ: ಮೂಡಲಿಗೆ ಹಲಸೂರು, ಬಡಗಲಿಗೆ ಯಲಹಂಕ, ತೆಂಕಲಿಗೆ ಆನೇಕಲ್, ಪಡುವಲಿಗೆ ಸೊಂಡೆಕೊಪ್ಪ. ಬಾಗಿಲು ಇರುವ ಜಾಗದ ಹೆಸರಲ್ಲ, ಅದರಿಂದ ಹೊರಟವನು ತಲುಪುವ ಊರಿನ ಹೆಸರು. ನಮ್ಮ ಹಾಸನದ ಬಿ.ಎಂ. ರಸ್ತೆಯೂ ಹಾಗೇ ಅಲ್ಲವೇ? ಊರ ನಟ್ಟನಡುವೆ ಹಾದುಹೋಗುತ್ತದೆ, ಹೆಸರು ಮಾತ್ರ ಬೆಂಗಳೂರು ಮತ್ತು ಮಂಗಳೂರಿನದು.

ಇದನ್ನು ತಿಳಿಯದೆ ನಾನೊಮ್ಮೆ ಕೆಟ್ಟಿದ್ದೇನೆ. ಓದುವ ವಯಸ್ಸಿನಲ್ಲಿ ಹಲಸೂರಿನ ಕೆರೆ ಹತ್ತಿರ ಇದ್ದ ಸೋದರಮಾವನ ಮನೆ ಹುಡುಕಿಕೊಂಡು ಹೋದವನು, ಸಿಟಿ ಬಸ್ಸಿನಲ್ಲಿ 'ಹಲಸೂರು ಗೇಟ್' ಎಂದು ಕೂಗಿದ್ದು ಕೇಳಿ ಇಳಿದುಬಿಟ್ಟೆ. ಇಳಿದದ್ದು ಪೇಟೆಯ ಬಾಯಲ್ಲಿ. ಹಲಸೂರು ಅಲ್ಲಿಂದ ಇನ್ನೂ ನಾಲ್ಕೈದು ಕಿಲೋಮೀಟರು. ಕೈಯಲ್ಲಿ ಅಮ್ಮ ಕೊಟ್ಟ ತೆಂಗಿನಕಾಯಿಯ ಚೀಲ, ಆರು ಕಾಯಿ. ಬೀಡಾ ಅಂಗಡಿಯವನನ್ನು 'ಹಲಸೂರು ಕೆರೆ ಎಲ್ಲಿ ಬರುತ್ತೆ' ಎಂದು ಕೇಳಿದರೆ ಅವನು ನನ್ನನ್ನೂ ಚೀಲವನ್ನೂ ನೋಡಿ, 'ಯಾವೂರು?' ಎಂದ. ಹಾಸನ ಎಂದೆ. 'ಅದೇ ಅಂದ್ಕೊಂಡೆ' ಎಂದ.

ಕೆಂಪೇಗೌಡರ ಕಾಲದ್ದೆಂದು ಹೇಳುವ ನಾಲ್ಕು ಗೋಪುರಗಳು ಲಾಲ್‌ಬಾಗ್ ಬಂಡೆಯ ಮೇಲೆ, ಹಲಸೂರು ಕೆರೆ ಬಳಿ, ಮೇಖ್ರಿ ವೃತ್ತದ ಹತ್ತಿರ, ಕೆಂಪಾಂಬುಧಿ ಕೆರೆಯ ದಡದಲ್ಲಿ ಇವೆ. ಊರು ಇದನ್ನು ಮೀರಿ ಬೆಳೆಯದು ಎಂದು ಎಲ್ಲೆ ಕಟ್ಟಿದ್ದು ಎನ್ನುತ್ತಾರೆ. ದೊಡ್ಡಪೇಟೆ ಚೌಕದಿಂದ ನೇರ ಗೆರೆ ಎಳೆದರೆ ನಾಲ್ಕೂ ಸುಮಾರು 5 ಕಿಲೋಮೀಟರಿನ ಒಳಗೇ. ಲಾಲ್‌ಬಾಗಿನದಂತೂ ಎರಡೂವರೆ. ನಡೆದೇ ಊರು ಸುತ್ತುತ್ತಿದ್ದವರ ಅಳತೆ ಅದು.

ಇನ್ನು ಡಿಟಿಪಿ ಹುಡುಗನ ಎಂ.ಜಿ. ರಸ್ತೆ. 1809ರ ಹೊತ್ತಿಗೆ ಇಂಗ್ಲಿಷರು ತಮ್ಮ ಪಡೆಯನ್ನು ಪೇಟೆಯ ಮೂಡಲಿಗೆ ತಂದು ನೆಲೆಗೊಳಿಸಿದರು. ನಮ್ಮ ಅಜ್ಜಂದಿರು ಅದನ್ನು 'ದಂಡು' ಎನ್ನುತ್ತಿದ್ದರು. ಸೈನಿಕರು ಕವಾಯತು ಮಾಡುವ ಮೈದಾನವೇ ಅದಕ್ಕೆ ನಡು, ಮೈದಾನದ ತೆಂಕಣ ರಸ್ತೆಯೇ ಇಂದಿನ ಎಂ.ಜಿ. ರಸ್ತೆ. ಪೇಟೆಗೂ ದಂಡಿಗೂ ಬೇರೆ ಬೇರೆ ಮುನಿಸಿಪಾಲಿಟಿ. 1949ರಲ್ಲಿ ಎರಡನ್ನೂ ಕೂಡಿಸಿ ಒಂದು ಕಾರ್ಪೊರೇಷನ್ ಮಾಡಿದರು. ಎರಡರ ನಡುವಿನ ಜಾಗದಲ್ಲಿ ಕಬ್ಬನ್ ಪಾರ್ಕು, ಅಠಾರಾ ಕಚೇರಿ ಮೊದಲೇ ಇದ್ದವು, 1956ರಲ್ಲಿ ವಿಧಾನಸೌಧವೂ ಎದ್ದು ನಿಂತಿತು. ಎರಡು ನಡುಗಳ ನಡುವೆ ಮೂರನೆಯ ನಡು! 2025ರಲ್ಲಿ ಊರನ್ನು ಐದು ಪಾಲಿಕೆಗಳಾಗಿ ಒಡೆದಾಗ ಒಂದಕ್ಕೆ 'ಕೇಂದ್ರ' ಎಂದೇ ಹೆಸರಿಟ್ಟರು, ಕಾಗದದ ಮೇಲಾದರೂ ಒಂದು ಕೇಂದ್ರ ಇರಲಿ ಎಂದೋ ಏನೋ.

ನಮ್ಮ ಕಡೆಯವರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಬೆಂಗಳೂರು ಎಂದರೆ ಬಸ್ಸು ನಿಲ್ಲುವ ಮೆಜೆಸ್ಟಿಕ್. ಧರ್ಮಾಂಬುಧಿ ಕೆರೆಯ ಅಂಗಳ ಬಸ್‌ಸ್ಟ್ಯಾಂಡ್ ಆದದ್ದು ಅದು. 2014ರಲ್ಲಿ ಹಾಸನ, ಚಿಕ್ಕಮಗಳೂರು ಕಡೆಯ ಬಸ್ಸುಗಳಿಗೆಂದು ಪೀಣ್ಯದಲ್ಲಿ ದೊಡ್ಡದೊಂದು ನಿಲ್ದಾಣ ತೆರೆದರು. ಮೆಜೆಸ್ಟಿಕ್‌ನಿಂದ ಹತ್ತು ಕಿಲೋಮೀಟರಿನಷ್ಟು ಈಚೆಗೆ. ಜನ ಒಗ್ಗಲಿಲ್ಲ, ಬಸ್ಸುಗಳು ಮತ್ತೆ ಮೆಜೆಸ್ಟಿಕ್‌ಗೇ ಹೋದವು.

ಆದರೆ ಆ ಹಟವೂ ಈಗ ಸಡಿಲವಾಗುತ್ತಿದೆ. ಅವರೆಕಾಯಿ ಕಾಲದಲ್ಲೊಮ್ಮೆ ರಾತ್ರಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದ ಸೀಟಿನಲ್ಲಿ ಹಿರೀಸಾವೆ ಕಡೆಯ ಹೆಂಗಸು, ಕಾಲಡಿ ಅವರೆಕಾಯಿ ಮೂಟೆ. ನೆಲಮಂಗಲ ಟೋಲ್ ಹತ್ತಿರ ಎಚ್ಚರವಾಗಿ, 'ಬೆಂಗ್ಳೂರ್ ಬಂತಾ ಸಾ?' ಎಂದರು. ಕಂಡಕ್ಟರು, 'ಎಲ್ಲಿಗೋಗ್ಬೇಕಮ್ಮ?' 'ಮಗಳ ಮನೆಗೆ.' 'ಮಗಳ ಮನೆ ಎಲ್ಲಿ?' 'ಬೆಂಗ್ಳೂರಲ್ಲೇ.' ಕಂಡಕ್ಟರಿಗೆ ನಗು. ಅಷ್ಟರಲ್ಲಿ ಮಗಳದೇ ಫೋನು: 'ಅವ್ವಾ, ಮೆಜೆಸ್ಟಿಕ್‌ಗೆ ಹೋಗ್ಬ್ಯಾಡ, ಗೊರಗುಂಟೆಪಾಳ್ಯದಲ್ಲೇ ಇಳ್ಕೊ.' ಮಗಳಿದ್ದದ್ದು ಹೆಬ್ಬಾಳದ ಕಡೆ. ಅಲ್ಲಿಂದ ಹೊರವರ್ತುಲ ರಸ್ತೆ ಹಿಡಿದರೆ ನೇರ ಮನೆ. ಬೆಳಗಿನ ಐದು ಗಂಟೆಗೆ ಅರ್ಧ ಬಸ್ಸು ಗೊರಗುಂಟೆಪಾಳ್ಯದಲ್ಲೇ ಖಾಲಿಯಾಯಿತು. ಮೆಜೆಸ್ಟಿಕ್ ತಲುಪಿದವರು ನಾನೂ ಸೇರಿ ಒಂಬತ್ತು ಜನ.

ಈಗ ನೀವು ಕೇಳಿದ ದೂರ. ಮೆಜೆಸ್ಟಿಕ್ ನಡುಮಧ್ಯ ಎಂದೇ ಇಟ್ಟುಕೊಂಡು, ರಸ್ತೆಯ ಮೇಲೆ ಅಂದಾಜು ಹೇಳುತ್ತೇನೆ. ಮಲ್ಲೇಶ್ವರ 4 ಕಿ.ಮೀ., ಜಯನಗರ 7. 1898ರ ಪ್ಲೇಗಿನ ಸುತ್ತಮುತ್ತ ಮಲ್ಲೇಶ್ವರ, ಬಸವನಗುಡಿ ಎದ್ದಾಗ ಅವೇ ಊರಾಚೆ. ಹೆಬ್ಬಾಳ 9–10, ಕೆಂಗೇರಿ, ಯಲಹಂಕ 15ರ ಆಸುಪಾಸು, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ 20ರ ಮೇಲೆ, ನೆಲಮಂಗಲ 27, ದೇವನಹಳ್ಳಿಯ ವಿಮಾನ ನಿಲ್ದಾಣ 35. ಬರೀ ಅಂಕಿ ಕೊಟ್ಟರೆ ತಲೆಗೆ ಹತ್ತುವುದಿಲ್ಲ, ನಮ್ಮ ಊರುಗಳಲ್ಲಿ ಹೇಳುತ್ತೇನೆ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡಿಗೆ ಹೋಗುವುದೆಂದರೆ ಹಾಸನದಿಂದ ಗೊರೂರು ಅಣೆಕಟ್ಟೆಗೆ ಹೋದಷ್ಟು ದಾರಿ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವುದು ಹಾಸನದಿಂದ ಬೇಲೂರಿಗೆ ಹೋದಹಾಗೆ. ಬೇಲೂರಿಗೆ ನಮ್ಮ ಬಸ್ಸು ಒಂದು ಗಂಟೆಯಲ್ಲಿ ಬಿಡುತ್ತದೆ. ಅಲ್ಲಿ ಸಂಜೆ ಆರರ ಮೇಲೆ ಹೊರಟವನಿಗೆ ಒಂದು ಗಂಟೆಯಲ್ಲಿ ಅರ್ಧ ದಾರಿಯೂ ಸವೆದಿರುವುದಿಲ್ಲ.

ಹಾಗಾದರೆ ನೀವು ನೋಡಿರುವ ಸೈಟು? ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ., ಅಲ್ಲಿಂದ ಮಗನ ಕಚೇರಿಗೆ ಇನ್ನೊಂದು 20. ಎಂದರೆ ನಿಮ್ಮ ಹುಡುಗ ದಿನಾ ಬೆಳಿಗ್ಗೆ ಹಾಸನದಲ್ಲಿ ಹೊರಟು, ಬೇಲೂರು ದಾಟಿ, ಚಿಕ್ಕಮಗಳೂರಿನ ಹತ್ತಿರ ಹೋಗಿ ಕೆಲಸ ಮಾಡಿ, ಸಂಜೆ ವಾಪಸ್ ಬಂದಂತೆ. ಬ್ರೋಷರಿನ 40 ನಿಮಿಷ ಸುಳ್ಳೆಂದು ನಾನು ಹೇಳಲಾರೆ. ಭಾನುವಾರ ಮುಂಜಾನೆ ಐದಕ್ಕೆ ಕಾರಿನಲ್ಲಿ ಹೋದರೆ ಯಶವಂತಪುರದವರೆಗೆ ಬಂದೇ ಬಿಡಬಹುದು. ಹೃದಯ ಅಲ್ಲೇ ಇದೆ ಎಂದು ಅವರು ವಾದಿಸಿದರೆ ಇಲ್ಲವೆನ್ನಲು ನಮ್ಮ ಹತ್ತಿರ ಏನಿದೆ? ಅದಕ್ಕೇ ಆ ಪದ ಬಳಸಿದ್ದಾರೆ. 'ಕೂಗಳತೆಯ ದೂರ' ಎಂದು ಬರೆದಿದ್ದರೆ ನಿಂತು ಕೂಗಿ ನೋಡಬಹುದಿತ್ತು.

ಮೆಟ್ರೋ ಇದೆಯಲ್ಲ ಎಂದು ಸೈಟು ಮಾರುವ ಏಜೆಂಟ್ ಹೇಳುತ್ತಾನೆ, ಅದು ನಿಜ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ಬಂದಿದೆ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ವೈಟ್‌ಫೀಲ್ಡಿನ ಕಾಡುಗೋಡಿಯವರೆಗೂ ಎಡೆಬಿಡದೆ ಓಡುತ್ತಿದೆ. ಮೆಜೆಸ್ಟಿಕ್‌ನಲ್ಲಿ ಒಮ್ಮೆ ಬದಲಿಸಿದರೆ ಸಾಕು. ರೈಲಿನಲ್ಲೇ ಒಂದೂವರೆ ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ಸೈಟಿನಿಂದ ಮಾದಾವರದವರೆಗಿನ ಹದಿನೇಳು–ಹದಿನೆಂಟು ಕಿಲೋಮೀಟರು ಬೇರೆ. ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿದ್ದಿದ್ದರೆ ನನ್ನ ಮಾತು ಸ್ವಲ್ಪ ಬದಲಾಗುತ್ತಿತ್ತು. ಮಾದಾವರದ ಬಳಿಯಿಂದ ನೈಸ್ ರಸ್ತೆ ಹಿಡಿದರೆ ಊರೊಳಗೆ ಕಾಲಿಡದೆ ಹೊಸೂರು ರಸ್ತೆ ಮುಟ್ಟಬಹುದು, ಟೋಲ್ ಕಟ್ಟಬೇಕು ಅಷ್ಟೆ.

ಪಿನ್‌ಕೋಡಿನ ನಿಮ್ಮ ಅಂದಾಜು ನನಗೆ ಬಹಳ ಹಿಡಿಸಿತು, ಮೇಷ್ಟ್ರ ಬುದ್ಧಿ ಅದು. ಮೇಲ್ನೋಟಕ್ಕೆ ಹೌದೆನ್ನಿಸುತ್ತದೆ ಕೂಡ: ಮಲ್ಲೇಶ್ವರ 560003, ಬಸವನಗುಡಿ 560004, ಯಲಹಂಕ 560064, ವೈಟ್‌ಫೀಲ್ಡ್ 560066, ಎಲೆಕ್ಟ್ರಾನಿಕ್ ಸಿಟಿ 560100. ಆದರೆ ಎತ್ತುಗಳು ಹೊರಟ ಚಿಕ್ಕಪೇಟೆಯ ಸಂಖ್ಯೆ 560053. ಕೆ.ಆರ್. ಪುರದ ದಾರಿಯಲ್ಲಿ ದೂರದಲ್ಲಿರುವ ದೂರವಾಣಿನಗರಕ್ಕೆ 560016. ಕೊನೆಯ ಮೂರು ಅಂಕಿ ಕಾಗದ ಬಟವಾಡೆ ಮಾಡುವ ಅಂಚೆ ಕಚೇರಿಯ ಗುರುತು, ಅದಕ್ಕೂ ದೂರಕ್ಕೂ ಸಂಬಂಧವಿಲ್ಲ.

ದೂರದ ಗುರುತು ಹೆಸರಿನಲ್ಲೇ ಇರುವ ಜಾಗ ನಮ್ಮ ದಾರಿಯಲ್ಲೇ ಇದೆ: ತುಮಕೂರು ರಸ್ತೆಯಲ್ಲಿ ದಾಸರಹಳ್ಳಿ ಬಳಿಯ ಎಂಟನೇ ಮೈಲಿ. ಮೈಲಿಕಲ್ಲುಗಳು ಕಿಲೋಮೀಟರಿನ ಕಲ್ಲುಗಳಾಗಿ ಎಷ್ಟೋ ದಶಕಗಳಾದವು, ಹೆಸರು ಕದಲಿಲ್ಲ. ಎಂಟು ಮೈಲಿ ಎಂದರೆ ಹದಿಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇವತ್ತು ಅಲ್ಲಿಂದ ಮೆಜೆಸ್ಟಿಕ್‌ಗೆ ಅಳೆದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಆ ಕಲ್ಲು ನೆಟ್ಟವನಿಗೆ ಅದು ಬೆಂಗಳೂರಿನಿಂದ ಎಂಟು ಮೈಲಿ ಆಚೆಯ ಬಯಲು. ಈಗ ಊರಿನಿಂದ ಬರುವವರು 'ಸದ್ಯ, ಬೆಂಗಳೂರು ಬಂತು' ಎಂದು ಸೀಟಿನಡಿ ಚಪ್ಪಲಿ ಹುಡುಕುವ ಜಾಗ.

ಖರೀದಿಯ ವಿಷಯದಲ್ಲಿ ಎರಡೇ ಮಾತು. ನೆಲಮಂಗಲ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಗೇ ಸೇರಿಲ್ಲ, ಹಾಗಾಗಿ ಬಡಾವಣೆಗೆ ಮಂಜೂರಾತಿ ಕೊಟ್ಟವರು ಯಾರು, ಭೂಪರಿವರ್ತನೆ ಆಗಿದೆಯೇ ಎಂದು ವಕೀಲರಿಗೆ ತೋರಿಸಿ. ಮತ್ತೆ, ಮುಂಗಡ ಕೊಡುವ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ ನೀವೂ ಮಗನೂ ಆ ಸೈಟಿನ ಮೂಲೆಗಲ್ಲಿನ ಹತ್ತಿರ ನಿಂತು, ಕೈಗಡಿಯಾರ ನೋಡಿಕೊಂಡು, ಅವನ ಕಚೇರಿಯ ಗೇಟಿನವರೆಗೆ ಹೋಗಿ ಬನ್ನಿ. ಎಷ್ಟು ನಿಮಿಷವಾಯಿತೆಂದು ಒಂದು ಕಾರ್ಡು ಹಾಕಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬ್ರೋಷರು ನಮ್ಮಲ್ಲೇ ಉಳಿದಿದೆ, ಬೇಕಿದ್ದರೆ ತಿಳಿಸಿ, ವಾಪಸ್ ಕಳಿಸುತ್ತೇವೆ.

– ಸಂಪಾದಕ