ಮಾತು ಕಡಿಮೆಯಿರುವ ಹುಡುಗನಿಗೆ ಸ್ಕೌಟ್ ಆಗುತ್ತಾ?

ಪುಣೆಗೆ ಬಂದ ಮೇಲೆ ಹನ್ನೊಂದರ ಮಗ ಮಾತೇ ಕಡಿಮೆ ಮಾಡಿದ್ದಾನೆ, ಮರಾಠಿಯೂ ಬರಲ್ಲ, ಸ್ಕೌಟ್‌ಗೆ ಹಾಕಿದರೆ ಇನ್ನೂ ಮುದುಡಿಕೊಳ್ತಾನಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಸೇರಿಸಿ. ಅಲ್ಲಿ ಆರೆಂಟು ಮಕ್ಕಳ ಪ್ಯಾಟ್ರೋಲ್ ಅನ್ನೋ ಚಿಕ್ಕ ಗುಂಪು ಇರುತ್ತದೆ, ಅದರ ನಾಯಕನೂ ಒಬ್ಬ ಹುಡುಗನೇ. 1907ರಲ್ಲಿ ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರದಲ್ಲೂ ಹೀಗೇ ಗುಂಪು ಮಾಡಿದ್ದರು. ಇಡೀ ತರಗತಿ ಎದುರು ನಿಂತು ಮಾತಾಡುವುದು ಬೇರೆ, ಡೇರೆ ಕಟ್ಟುವಾಗ "ಹಗ್ಗ ಬಿಗಿ ಹಿಡಿಯೋ" ಅಂತ ಕೂಗುವುದು ಬೇರೆ, ಅಲ್ವಾ? ಮರಾಠಿ ಹಾಗೇ ಬರುತ್ತದೆ. ನಮ್ಮ ಮಗಳು ಹುಡುಗಿಯರ ಗೈಡ್ಸ್‌ನಲ್ಲಿ ಕಲಿತು ಈಗ ನನ್ನ ಮರಾಠಿ ತಿದ್ದುತ್ತಾಳೆ!

ಬ್ಯಾಡ್ಜ್ ಹಿಂದೆ ಮಾತ್ರ ಸುಮ್ನೆ ಓಡಿಸಬೇಡಿ. ಅದಕ್ಕೂ ಮೊದಲು ಒಂದು ಭಾನುವಾರ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿಸಿ. ಗಾಡಿ ರಸ್ತೆ ಬೇಡ, ಬೆಟ್ಟದ ಬುಡದ ಅತಕರವಾಡಿ ಹಳ್ಳಿಯಿಂದ ಕಾಲುದಾರಿ. ಅವನ ನೀರು ಅವನೇ ಹೊರಲಿ. ಮೇಲೆ ಪಿಠ್ಲ ಭಾಕ್ರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಸಿಗುತ್ತದೆ. ಮಳೆಗಾಲದಲ್ಲಿ ದಾರಿ ಜಾಸ್ತಿ ಜಾರುತ್ತದೆ, ಒಳ್ಳೆ ಬೂಟು ಹಾಕಿಸಿ.